ತಂಬಿಗೆಯ ಕೊರಳಿಗೆ ಹಗ್ಗ

ಸ್ಟೀಲಿನ ನೀರಿನ ಬಾಟಲಿ, ಅದರ ಬುಡಕ್ಕೆ ಸರಿಯಾಗಿ ಕೂರುವ ಲೋಟ, ಕಿಡಿ ಹಾರಿಸುವ ಕಡ್ಡಿ, ಒಂದು ಸುತ್ತು ನೈಲಾನ್ ದಾರ, ಚಾಕು, ಮಡಚಿದರೆ ಅಂಗೈಯಲ್ಲಿ ಅಡಗುವ ಹೊದಿಕೆ: ಚಾರಣಿಗರಿಗೆಂದು ಈಗ ಮಾರುವ ‘ಸರ್ವೈವಲ್ ಕಿಟ್’ ಹೆಚ್ಚುಕಡಿಮೆ ಇಷ್ಟೇ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ನೂರು ವರ್ಷದ ಹಿಂದೆ ಕುರಿಯ ಹಿಂದೆ ಹೋಗುತ್ತಿದ್ದ ಕುರುಬನ ಹತ್ತಿರ, ಯುಗಾದಿಗೆ ಮುಂಚೆ ಶ್ರೀಶೈಲದ ದಾರಿ ಹಿಡಿಯುತ್ತಿದ್ದ ಭಕ್ತನ ಹತ್ತಿರ ಏನಿತ್ತು ಎಂದು ನೋಡಿದರೆ ಪಟ್ಟಿ ಬಹಳ ಬೇರೆಯಲ್ಲ. ತಂಬಿಗೆ, ಹಗ್ಗ, ಚಕಮಕಿ, ಕುರುಬನಾದರೆ ಒಂದು ಕೊಡಲಿ, ಹೆಗಲ ಮೇಲೆ ಕಂಬಳಿ. ಇದನ್ನು ಕಂಡು ‘ನಮ್ಮ ಹಿರಿಯರಿಗೆ ಇದೆಲ್ಲ ಆಗಲೇ ಗೊತ್ತಿತ್ತು’ ಎಂದು ಹಿಗ್ಗುವವರಿದ್ದಾರೆ. ಆ ಹಿಗ್ಗಿಗೆ ಆಧಾರ ಸಾಲದು. ಸಾಮಾನು ಒಂದೇ, ಲೆಕ್ಕಾಚಾರ ಮಾತ್ರ ತಿರುಗುಮುರುಗು. ಬಾಟಲಿಯ ಕಿಟ್ಟನ್ನು ಯಾರೂ ಇಲ್ಲದ ಕಡೆ ಜೀವ ಉಳಿಸಿಕೊಳ್ಳಲೆಂದು ಕಟ್ಟುತ್ತಾರೆ. ತಂಬಿಗೆಯ ಗಂಟನ್ನು ಕಟ್ಟುತ್ತಿದ್ದದ್ದು ಮುಂದಿನ ಊರು ಮುಟ್ಟಲು, ಮುಟ್ಟಿದ ಮೇಲೆ ಅಲ್ಲಿನ ನೀರು, ಜೋಳ, ಜಾಗ ದಕ್ಕಿಸಿಕೊಳ್ಳಲು.

ಮೊದಲು ತಂಬಿಗೆಯನ್ನೇ ನೋಡೋಣ. ದಾರಿಗೆ ಒಯ್ಯುವ ತಂಬಿಗೆ ಹಿಡಿಸುವುದು ಒಂದು ಲೀಟರಿನ ಆಸುಪಾಸು ನೀರು. ಬಯಲುಸೀಮೆಯ ಬೇಸಿಗೆಯಲ್ಲಿ ದಿನವಿಡೀ ನಡೆಯುವವನಿಗೆ ಇದರ ನಾಲ್ಕೈದು ಪಟ್ಟು ಬೇಕು. ಅದರ ಬಾಯಿ ಅಗಲ, ಮುಚ್ಚಳವಿಲ್ಲ, ತುಂಬಿಕೊಂಡು ನಡೆದರೆ ಅರ್ಧ ದಾರಿಯಲ್ಲೇ ಚೆಲ್ಲಿಹೋಗುತ್ತದೆ. ನೀರು ಹೊರಲೇಬೇಕಾದಾಗ ಸೋರೆಬುರುಡೆ ಇತ್ತು, ಅದು ಹಗುರ, ಬಾಯಿಯೂ ಸಣ್ಣದು. ತಿರುಪಿನ ಮುಚ್ಚಳದ ಪ್ರಯಾಣದ ತಂಬಿಗೆಗಳೂ ಇದ್ದವು. ಅವು ಬಂಡಿಯಲ್ಲೋ ರೈಲಿನಲ್ಲೋ ಹೋಗುವ ಅನುಕೂಲಸ್ಥರ ಸ್ವತ್ತು. ಹಾಗಾದರೆ ನಡೆದುಹೋಗುವ ಬಡವ ಭಾರದ ಹಿತ್ತಾಳೆ ಪಾತ್ರೆಯನ್ನೇ ಏಕೆ ಬಿಡಲಿಲ್ಲ? ಉತ್ತರ ಅದರ ಕೊರಳಲ್ಲಿದೆ. ಕಿರಿದಾದ ಕೊರಳು, ಹೊರಗೆ ಚಾಚಿದ ಅಂಚು. ಕುಣಿಕೆ ಹಾಕಿದರೆ ಹಗ್ಗ ಜಾರುವುದಿಲ್ಲ. ಬಾವಿಯ ಕಲ್ಲಿಗೆ ಬಡಿದರೆ ನೆಗ್ಗುತ್ತದೆಯೇ ಹೊರತು ಒಡೆಯುವುದಿಲ್ಲ. ಬುರುಡೆ ನೀರಿನ ಮೇಲೆ ತೇಲುತ್ತದೆ, ತಂಬಿಗೆ ತನ್ನ ಭಾರಕ್ಕೇ ಓರೆಯಾಗಿ ತುಂಬಿಕೊಳ್ಳುತ್ತದೆ. ಅಂದರೆ ತಂಬಿಗೆ ನೀರು ಇಡುವ ಪಾತ್ರೆ ಅಲ್ಲವೇ ಅಲ್ಲ, ನೀರು ಸೇದುವ ಉಪಕರಣ. ಒಲೆಯ ಮೇಲೆ ಇಡಬಹುದು ಎಂಬುದು ಮೇಲಿನ ಲಾಭ. ಗಂಟಿನಲ್ಲಿ ಬೆಲೆಬಾಳುವ ವಸ್ತು ತಂಬಿಗೆಯಾದರೂ ಗಂಟಿನ ಅಳತೆ ಗೊತ್ತಾಗುವುದು ಹಗ್ಗದಿಂದ. ಹಗ್ಗ ಎಷ್ಟು ಆಳಕ್ಕೆ ಮುಟ್ಟುತ್ತದೋ ಅಲ್ಲಿಯವರೆಗೆ ದಾರಿ ತೆರೆದಿದೆ.

ಹಿತ್ತಾಳೆ, ತಾಮ್ರಗಳು ನೀರನ್ನು ಶುದ್ಧ ಮಾಡುತ್ತವೆ, ಅದಕ್ಕೇ ಲೋಹವನ್ನು ಆರಿಸಿಕೊಂಡರು ಎಂಬ ವಾದ ಈಗ ಬಹಳ ಕೇಳುತ್ತದೆ. ಬ್ಯಾಕ್ಟೀರಿಯಾಗಳನ್ನು ತಾಮ್ರ ಕೊಲ್ಲುವುದು ನಿಜ, ಆದರೆ ಅದಕ್ಕೆ ನೀರು ಗಂಟೆಗಟ್ಟಲೆ ಅದರೊಳಗೆ ನಿಲ್ಲಬೇಕು. ಸೇದಿ ಅಲ್ಲೇ ಕುಡಿಯುವವನಿಗೆ ಅದರಿಂದ ಏನು ಬಂತು? ಮೇಲಾಗಿ ಒಳಗೆ ಕಲಾಯಿ ಹಾಕಿಸಿದ ಪಾತ್ರೆಯಲ್ಲಿ ನೀರು ತಾಮ್ರಕ್ಕೆ ತಾಗುವುದೇ ಇಲ್ಲ. ಈ ಸೀಮೆಯ ನೀರಿನ ನಿಜವಾದ ಭಯ ನಾರುಹುಣ್ಣಿನದಾಗಿತ್ತು. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಲ್ಲಿ ಸೋಂಕಿತರ ಕಾಲಿನಿಂದ ಹುಳುವಿನ ಮರಿಗಳು ನೀರಿಗೆ ಬಿದ್ದು, ಸಣ್ಣ ಜಲಕೀಟಗಳ ಹೊಟ್ಟೆ ಸೇರಿ, ಕುಡಿದವರ ಮೈಯಲ್ಲಿ ಒಂದು ವರ್ಷದ ಮೇಲೆ ಎರಡು-ಮೂರು ಅಡಿ ಉದ್ದದ ಹುಳುವಾಗಿ ಹೊರಬರುತ್ತಿದ್ದವು. ಭಾರತ ಈ ರೋಗದಿಂದ ಮುಕ್ತವೆಂದು ಘೋಷಣೆಯಾದದ್ದು 2000ದಲ್ಲಿ. ಅದನ್ನು ತಡೆಯುವ ಶಕ್ತಿ ಲೋಹಕ್ಕಿರಲಿಲ್ಲ, ಎರಡು ಮಡಿಕೆಯ ಬಟ್ಟೆಗಿತ್ತು. ಆ ಜಲಕೀಟ ಬಟ್ಟೆಯ ನೂಲಿನಲ್ಲಿ ಸಿಕ್ಕಿಬೀಳುತ್ತದೆ. ನೀರು ಸೋಸಿ ಕುಡಿಯುವ ಜೈನರ ಕಟ್ಟುನಿಟ್ಟು ಅಹಿಂಸೆಗಾಗಿ ಹುಟ್ಟಿದ್ದು, ಆದರೆ ಕಾಪಾಡಿದ್ದು ಸೋಸಿದವರನ್ನೂ. ರಬಕವಿ-ಬನಹಟ್ಟಿಯ ಮಗ್ಗದಿಂದ ಬಂದ ಬಟ್ಟೆಯ ತುಂಡು ಹೀಗೆ ತಂಬಿಗೆಗಿಂತ ದೊಡ್ಡ ಕೆಲಸ ಮಾಡಬಹುದಿತ್ತು.

ಉಳಿದ ಸಾಮಾನಿನಲ್ಲಿ ಕಂಬಳಿಯದೇ ಹಿರಿತನ. ದಖನಿ ಕುರಿಯ ಒರಟು ಉಣ್ಣೆ, ಅದರ ಮೇಲೆ ಹುಣಸೆಬೀಜದ ಸರಿ. ಇವೆರಡೂ ಸೇರಿ ಮಳೆಯನ್ನು ಬಹಳ ಹೊತ್ತು ತಡೆಯುತ್ತಿದ್ದವು. ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಕೊಡೆ, ಹಾಸಿದರೆ ಹಾಸಿಗೆ, ನಾಲ್ಕು ತುದಿ ಕಟ್ಟಿದರೆ ಆಗತಾನೆ ಹುಟ್ಟಿದ ಮರಿಯನ್ನು ಹೊರುವ ಜೋಲಿ. ಹರಿದರೆ ಹೊಸದಕ್ಕೆ ಬೇಕಾದ ಉಣ್ಣೆ ಕಣ್ಣೆದುರೇ ಮೇಯುತ್ತಿತ್ತು. ಕುರುಬ ನಡೆಯುತ್ತಲೇ ಕದಿರು ತಿರುಗಿಸಿ ನೂಲು ತೆಗೆಯುತ್ತಿದ್ದ. ಚಂಚಿಯ ಪದರಗಳಲ್ಲಿ ಎಲೆ, ಅಡಿಕೆ, ಸುಣ್ಣ, ತಂಬಾಕು, ಅದರ ಜೊತೆಗೇ ಉಕ್ಕಿನ ತುಣುಕು, ಬೆಣಚುಕಲ್ಲು, ಕಿಡಿ ಹಿಡಿಯುವ ಹತ್ತಿ. 1923ರಲ್ಲಿ ಸ್ವೀಡನ್ನಿನವರು ಭಾರತದಲ್ಲಿ ವಿಮ್ಕೊ ಎಂಬ ಬೆಂಕಿಕಡ್ಡಿ ಕಂಪನಿ ತೆರೆದು ಕಡ್ಡಿಪೆಟ್ಟಿಗೆ ಅಗ್ಗವಾದ ಮೇಲೆ ಚಕಮಕಿ ಮೂಲೆ ಸೇರತೊಡಗಿತು.

ಆದರೆ ಬುತ್ತಿ? ಕಡಕ್ ರೊಟ್ಟಿ, ಅಗಸೆಯದೋ ಶೇಂಗಾದ್ದೋ ಚಟ್ನಿಪುಡಿ ವಾರಗಟ್ಟಲೆ ಕೆಡದೆ ಉಳಿಯುತ್ತವೆ, ನಿಜ. ತಿಂಗಳಾನುಗಟ್ಟಲೆ ಅಲೆಯುವವನು ಅಷ್ಟನ್ನು ಹೊರಲಾರ. ಅವನ ಊಟ ಇದ್ದದ್ದು ಒಪ್ಪಂದದಲ್ಲಿ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಹೊಲಕ್ಕೆ ಗೊಬ್ಬರ, ಅದಕ್ಕೆ ಪ್ರತಿಯಾಗಿ ರೈತನಿಂದ ಜೋಳ. ಶ್ರೀಶೈಲದ ಯಾತ್ರಿಕನಿಗೆ ಇದೇ ಕೆಲಸವನ್ನು ದಾಸೋಹ ಮಾಡುತ್ತಿತ್ತು, ಇಂದಿಗೂ ಮಾಡುತ್ತದೆ. ಕಂಬಿ ಹೊತ್ತು ನಾನೂರು ಕಿಲೋಮೀಟರಿಗೂ ಹೆಚ್ಚು ನಡೆಯುವವರ ಚೀಲ ಅಷ್ಟು ಸಣ್ಣದಿರುವುದು ದಾರಿಯ ಊರುಗಳು ಅಟ್ಟು ಬಡಿಸುವುದರಿಂದ. ಊರುಗಳೇ ಇಲ್ಲದ ನಲ್ಲಮಲ ಕಾಡಿನ ಭೀಮನಕೊಳ್ಳದ ಹಾದಿಯಲ್ಲೂ ಭಕ್ತರು ಒಬ್ಬೊಬ್ಬರೇ ದೊಡ್ಡ ಗಂಟು ಹೊರುವುದಿಲ್ಲ. ದಾಸೋಹದ ಬಿಡಾರವನ್ನೇ ಕಾಡಿನೊಳಗೆ ಒಯ್ಯುತ್ತಾರೆ.

ಇದು ಹಳ್ಳಿಯ ಔದಾರ್ಯಕ್ಕೆ ಹಾಡುವ ಹೊಗಳಿಕೆಯಾಯಿತು ಎಂದು ಯಾರಾದರೂ ತಡೆಯಬಹುದು. ತಡೆಯಬೇಕಾದ್ದೇ. ಬಾವಿ ಎಲ್ಲರದಾಗಿರಲಿಲ್ಲ. ಮುಟ್ಟಬಾರದವರೆಂದು ಹಣೆಪಟ್ಟಿ ಹಚ್ಚಿಸಿಕೊಂಡವನ ಕೈಯಲ್ಲಿ ತಂಬಿಗೆಯಿದ್ದು ಹಗ್ಗವಿದ್ದರೂ ಅದನ್ನು ಇಳಿಸುವ ಹಕ್ಕಿರಲಿಲ್ಲ. ಬೇರೆಯವರು ಸೇದಿ ಮೇಲಿನಿಂದ ಹೊಯ್ಯುವವರೆಗೆ ಕಾಯಬೇಕಿತ್ತು. ಪ್ರತಿಯೊಬ್ಬನೂ ತನ್ನದೇ ತಂಬಿಗೆ ಹೊರುತ್ತಿದ್ದುದರ ಹಿಂದೆಯೂ ಮಡಿಯ ಲೆಕ್ಕವಿತ್ತು: ಮಣ್ಣಿನ ಪಾತ್ರೆ ‘ಕೆಟ್ಟರೆ’ ಬಿಸಾಡಬೇಕು, ಲೋಹವನ್ನು ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಸಾಕು. ಸಾರ್ವಜನಿಕ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಎಸ್.ಕೆ. ಬೋಲೆಯವರ ಗೊತ್ತುವಳಿಯನ್ನು ಮುಂಬಯಿ ಶಾಸಕಾಂಗ ಒಪ್ಪಿದ್ದು 1923ರಲ್ಲಿ. ಅದು ಕಾಗದದಲ್ಲಿಯೇ ಉಳಿದದ್ದಕ್ಕೆ ಸಾರ್ವಜನಿಕ ಕೆರೆಯ ನೀರಿಗಾಗಿ ನಡೆದ 1927ರ ಮಹಾಡ್ ಸತ್ಯಾಗ್ರಹವೇ ಸಾಕ್ಷಿ. ಆ ಕಾಗದವಾದರೂ ಮುಂಬಯಿ ಪ್ರಾಂತದ ಬೀಳಗಿಗೆ ಅನ್ವಯಿಸುತ್ತಿತ್ತು. ಜಮಖಂಡಿ, ಬನಹಟ್ಟಿ ಪಟವರ್ಧನರ ಸಂಸ್ಥಾನ, ರಬಕವಿ ಸಾಂಗ್ಲಿಯದು, ಮುಧೋಳ ಘೋರ್ಪಡೆಯವರದು; ಅಲ್ಲಿಗೆ ಅದೂ ಅನ್ವಯಿಸುತ್ತಿರಲಿಲ್ಲ. ಈ ಆಕ್ಷೇಪದಿಂದ ನನ್ನ ವಾದ ಬೀಳುವುದಿಲ್ಲ, ಇನ್ನಷ್ಟು ಕಹಿಯಾಗುತ್ತದೆ. ಗಂಟಿನ ಅರ್ಧ ಊರಲ್ಲೇ ಇದ್ದದ್ದರಿಂದ ಆ ಅರ್ಧವನ್ನು ಯಾರಿಗೆ ಕೊಡಬೇಕು, ಯಾರಿಗೆ ಕೂಡದು ಎಂದು ತೀರ್ಮಾನಿಸುವ ಅಧಿಕಾರವೂ ಊರಿನದೇ ಆಗಿತ್ತು.

ಗಂಟಿನ ಅರ್ಧ ಊರಲ್ಲಿತ್ತು ಎಂಬುದಕ್ಕೆ ಇನ್ನೊಂದು ಸಾಕ್ಷ್ಯ 1876–78ರ ಬರ. ಬೀಳಗಿ ಆಗ ಸೇರಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರ ಗಣತಿಗೂ 1881ರ ಗಣತಿಗೂ ನಡುವೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಸತ್ತವರು, ಬಿಟ್ಟುಹೋದವರು ಎಲ್ಲ ಸೇರಿ. ಗುಳೆ ಹೊರಟವರ ಕೈಯಲ್ಲಿ ತಂಬಿಗೆ ಇತ್ತು, ಹೆಗಲಲ್ಲಿ ಕಂಬಳಿಯೂ ಇದ್ದೀತು. ನಡೆಯುವ ರೂಢಿ, ಬೆಂಕಿ ಮಾಡುವ ಚಾತುರ್ಯ ಇಂದಿನ ಯಾವ ಚಾರಣಿಗನಿಗಿಂತಲೂ ಹೆಚ್ಚಿತ್ತು. ಆದರೆ ಬಾವಿ ಬತ್ತಿತ್ತು, ಮುಂದಿನ ಊರಿನ ಹಗೇವು ಬರಿದಾಗಿತ್ತು. ಸಾಮಾನು ಸರಿಯಿದ್ದೂ ಜೀವ ಉಳಿಯಲಿಲ್ಲ.

ಹಾಗಾದರೆ ಮುಚ್ಚಳದ ಬಾಟಲಿ ಈ ಸೀಮೆಯಲ್ಲಿ ಗೆದ್ದದ್ದು ಹೇಗೆ? ಸ್ಟೀಲು, ಪ್ಲಾಸ್ಟಿಕ್ ಅಗ್ಗವಾದದ್ದು ಒಂದು ಕಾರಣ. ದೊಡ್ಡ ಕಾರಣ ನೆಲದೊಳಗಿದೆ. ಘಟಪ್ರಭೆಯ ಕಾಲುವೆ ಬಂತು, ಕಬ್ಬು ಬಂತು, ಅದರ ಹಿಂದೆಯೇ ಕೊಳವೆಬಾವಿ ಬಂತು. ತೆರೆದ ಬಾವಿಗಳು ಹೂಳು ತುಂಬಿದವು. ಗೇಣಗಲವೂ ಇಲ್ಲದ ಕೊಳವೆಯೊಳಗೆ ನೂರಾರು ಅಡಿ ಕೆಳಗೆ ನೀರಿದೆ, ಅದಕ್ಕೆ ತಂಬಿಗೆ ಇಳಿಸುವ ಹಾಗಿಲ್ಲ. ಮೋಟಾರಿನ ಒಡೆಯ ಸ್ವಿಚ್ ಹಾಕಬೇಕು, ಆ ಹೊತ್ತಿಗೆ ಕರೆಂಟೂ ಇರಬೇಕು. ಕಬ್ಬಿನ ಹೊಲ ವರ್ಷವಿಡೀ ಖಾಲಿಯಾಗದಿದ್ದರೆ ಕುರಿ ತರುಬಲು ಜಾಗವೂ ಇಲ್ಲ. ಈಗ ಹಿಂಡಿನ ಹಿಂದೆ ಹೋಗುವ ಕುರುಬ ಪ್ಲಾಸ್ಟಿಕ್ ಕ್ಯಾನಿನಲ್ಲಿ ನೀರು ತುಂಬಿಕೊಂಡೇ ಹೊರಡುತ್ತಾನೆ.