ಬೇಲಿಗುಂಟ ನಡೆದ ತಾಯಿ, ಅದನ್ನು ಬರೆದ ಮಗಳು

ಆಸ್ಟ್ರೇಲಿಯದ ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಅಗಲಿಸುವುದು ಒಂದು ಕಾಲಕ್ಕೆ ಅಲ್ಲಿ ಕಾನೂನುಬದ್ಧವಾದ ಸರ್ಕಾರಿ ಕೆಲಸವಾಗಿತ್ತು. ಪಶ್ಚಿಮ ಆಸ್ಟ್ರೇಲಿಯದ 1905ರ ಕಾಯಿದೆ ಈ ಮಕ್ಕಳ ಪಾಲಕತ್ವವನ್ನು ಹೆತ್ತವರಿಂದ ಕಿತ್ತು 'ಮುಖ್ಯ ಸಂರಕ್ಷಕ'ನೆಂಬ ಅಧಿಕಾರಿಗೆ ಒಪ್ಪಿಸಿತು. ಬಿಳಿಯ ತಂದೆಗೆ ಹುಟ್ಟಿದ ಮಕ್ಕಳ ಮೇಲಂತೂ ಅವನ ಕಣ್ಣು ಹೆಚ್ಚು.

1931ರಲ್ಲಿ ಜಿಗಲಾಂಗ್ ಎಂಬಲ್ಲಿಂದ ಮೋಲಿ, ಡೈಸಿ, ಗ್ರೇಸಿ ಎಂಬ ಮೂವರು ಹುಡುಗಿಯರನ್ನು ಹಿಡಿದು ದಕ್ಷಿಣದ ಮೂರ್ ರಿವರ್ ಶಿಬಿರಕ್ಕೆ ಒಯ್ಯಲಾಯಿತು. ಅವರು ಅಲ್ಲಿ ನಿಲ್ಲಲಿಲ್ಲ. ಮೊಲಗಳ ಹಾವಳಿ ತಡೆಯಲು ಸರ್ಕಾರ ಕಟ್ಟಿಸಿದ್ದ ಉದ್ದನೆಯ ಬೇಲಿ ತಮ್ಮೂರಿನ ಬಳಿ ಹಾಯುತ್ತದೆಂದು ಮೋಲಿಗೆ ಗೊತ್ತಿತ್ತು. ಅದರ ಗುಂಟ ಸುಮಾರು 1,600 ಕಿಲೋಮೀಟರ್ ನಡೆದರು. ಗ್ರೇಸಿ ದಾರಿಯಲ್ಲಿ ಸಿಕ್ಕಿಬಿದ್ದಳು. ಉಳಿದಿಬ್ಬರು ಮನೆ ಮುಟ್ಟಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1940ರಲ್ಲಿ, ಎರಡು ಮಕ್ಕಳ ತಾಯಾಗಿದ್ದ ಮೋಲಿಯನ್ನು ಮಕ್ಕಳ ಸಮೇತ ಮತ್ತೆ ಮೂರ್ ರಿವರ್‌ಗೆ ಕಳುಹಿಸಲಾಯಿತು. ಮರುವರ್ಷ ಆಕೆ ಕಿರಿಯವಳಾದ ಆನಬೆಲ್‌ಳನ್ನು ಎತ್ತಿಕೊಂಡು ಮತ್ತೊಮ್ಮೆ ಅದೇ ದೂರ ನಡೆದಳು. ಇಬ್ಬರನ್ನೂ ಹೊರುವಂತಿರಲಿಲ್ಲ, ಹಿರಿಯವಳು ಡೋರಿಸ್ ಶಿಬಿರದಲ್ಲೇ ಉಳಿದಳು. ಕೆಲವೇ ವರ್ಷಗಳಲ್ಲಿ ಆನಬೆಲ್‌ಳನ್ನೂ ಒಯ್ದರು. 2004ರಲ್ಲಿ ಸಾಯುವತನಕ ಮೋಲಿ ಆಕೆಯನ್ನು ಮತ್ತೆ ಕಾಣಲಿಲ್ಲ.

ಶಿಬಿರದಲ್ಲೂ ಕ್ರೈಸ್ತ ಮಿಷನ್ನಿನಲ್ಲೂ ಬೆಳೆದ ಡೋರಿಸ್ ಪಿಲ್ಕಿಂಗ್ಟನ್ ತನ್ನ ಜನರ ಬಗ್ಗೆ ನಾಚಿಕೆಪಡುವುದನ್ನು ಕಲಿತರು. ತಾಯಿಯನ್ನು ಮತ್ತೆ ಕಂಡದ್ದು 21 ವರ್ಷಗಳ ನಂತರ. ಮೊದಲ ನಡಿಗೆಯ ಕಥೆಯನ್ನು ಅವರು ಕೇಳಿದ್ದು ಡೈಸಿಯ ಬಾಯಿಂದ. ಹಿರಿಯರ ನೆನಪಿನ ಜೊತೆಗೆ ಸರ್ಕಾರಿ ಕಡತಗಳಲ್ಲಿದ್ದ ಪತ್ರಗಳನ್ನೂ ತಂತಿಗಳನ್ನೂ ಹುಡುಕಿ ತೆಗೆದರು.

1990ರಲ್ಲಿ ಅವರ ಮೊದಲ ಕೃತಿ 'ಕ್ಯಾಪ್ರೀಸ್'ಗೆ ಮೂಲನಿವಾಸಿ ಲೇಖಕರ ಅಪ್ರಕಟಿತ ಬರಹಕ್ಕೆ ಮೀಸಲಾದ ಡೇವಿಡ್ ಯುನೈಪಾನ್ ಪ್ರಶಸ್ತಿ ಬಂತು. 1996ರಲ್ಲಿ ತಾಯಿಯ ನಡಿಗೆಯ ಕಥನ 'ಫಾಲೋ ದ ರ‍್ಯಾಬಿಟ್-ಪ್ರೂಫ್ ಫೆನ್ಸ್' ಹೊರಬಂತು. 2002ರಲ್ಲಿ ಅದು ಚಲನಚಿತ್ರವಾಯಿತು.

1997ರಲ್ಲಿ ರಾಷ್ಟ್ರೀಯ ವಿಚಾರಣೆಯ ವರದಿ ಈ ಅಗಲಿಕೆಗಳನ್ನು ದಾಖಲಿಸಿತು. 2008ರಲ್ಲಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಪ್ರಶಸ್ತಿಯಾಗಲಿ ಕ್ಷಮೆಯಾಗಲಿ ಕಳೆದ ಬಾಲ್ಯವನ್ನು ಮರಳಿಸಲಾರವು. ಆದರೆ ಅಧಿಕಾರಿಗಳ ಲೆಕ್ಕದಲ್ಲಿ ಓಡಿಹೋದವರಾಗಿದ್ದ ಹುಡುಗಿಯರು ಈ ಪುಸ್ತಕದಲ್ಲಿ ಮನೆಗೆ ಹೊರಟ ಮಕ್ಕಳಾದರು. ಹಾಗೆ ಬರೆದವಳು, ತಾಯಿಯ ಎರಡನೆಯ ನಡಿಗೆಯಲ್ಲಿ ಹಿಂದೆ ಉಳಿದಿದ್ದ ಮಗಳು.