ಅವಯವದಾನದಲ್ಲಿ ದೂರವೂ ಕಾಲವೂ

ಒಬ್ಬರ ದೇಹದ ಅವಯವವನ್ನು ಮತ್ತೊಬ್ಬರ ದೇಹದಲ್ಲಿ ನೆಲೆಗೊಳಿಸುವ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಸಂಗತಿಗಳಿಗೆ ಪ್ರಾಧಾನ್ಯವನ್ನು ಕೊಡುವರು: ಶಸ್ತ್ರವೈದ್ಯರ ಹಸ್ತಕೌಶಲವೊಂದು, ಪರಕೀಯವಾದ ಅವಯವವನ್ನು ದೇಹವು ತಿರಸ್ಕರಿಸದಂತೆ ತಡೆಯುವ ಔಷಧಗಳು ಮತ್ತೊಂದು. ಮೂರನೆಯದೊಂದುಂಟು. ಅದು ದಾನಿಯಿಂದ ಬೇರ್ಪಟ್ಟ ಅವಯವವು ಪ್ರತಿಗ್ರಾಹಿಯನ್ನು ಸೇರುವವರೆಗಿನ ಪ್ರಯಾಣ. ಚಿಕಿತ್ಸೆಯ ಫಲವು ಈ ಪ್ರಯಾಣವನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆಯೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲ ವಿಜಯಗಳಲ್ಲಿ ಪ್ರಯಾಣವೆಂಬುದೇ ಇರಲಿಲ್ಲ. ೧೯೫೪ನೆಯ ಡಿಸೆಂಬರ್ ೨೩ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆಯವರು ಅವಳಿ ಸೋದರರಲ್ಲೊಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿದರು. ೧೯೬೭ನೆಯ ಡಿಸೆಂಬರ್ ೩ರಂದು ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡರು ಹೃದಯವನ್ನೇ ಜೋಡಿಸಿದರು. ಎರಡು ಸಂದರ್ಭಗಳಲ್ಲಿಯೂ ದಾನಿಯೂ ಪ್ರತಿಗ್ರಾಹಿಯೂ ಒಂದೇ ಆಸ್ಪತ್ರೆಯಲ್ಲಿದ್ದರು.

ಈ ಸಾಮೀಪ್ಯವು ಬಹುಕಾಲ ಸಾಲದಾಯಿತು. ಅಂಗಾಂಶಗಳಲ್ಲಿ ಜಾತಿಭೇದಗಳುಂಟೆಂದೂ, ಅನುರೂಪವಾದ ಅವಯವವೇ ಹೆಚ್ಚು ಕಾಲ ಬಾಳುವುದೆಂದೂ ತಿಳಿದುಬಂದಿತು. ೧೯೬೭ರಲ್ಲಿ ವಾನ್ ರೂಡರು ಹಾಲೆಂಡಿನ ಲೈಡನ್ ನಗರದಲ್ಲಿ ಯೂರೋಟ್ರಾನ್ಸ್‌ಪ್ಲಾಂಟ್ ಸಂಸ್ಥೆಯನ್ನು ಸ್ಥಾಪಿಸಿದುದು ಇದಕ್ಕಾಗಿಯೇ. ಅನುರೂಪನಾದ ರೋಗಿಯು ಪರರಾಷ್ಟ್ರದಲ್ಲಿದ್ದರೆ ಮೂತ್ರಪಿಂಡವು ಗಡಿಯನ್ನು ದಾಟಿ ಹೋಗಲೇಬೇಕಷ್ಟೆ.

ಆದರೆ ರಕ್ತಸಂಚಾರ ನಿಂತ ಅವಯವವು ಬಹುಬೇಗ ಕೆಡುತ್ತದೆ. ಶೈತ್ಯವು ಜೀವಕೋಶಗಳ ವ್ಯಾಪಾರವನ್ನು ಮಂದಗೊಳಿಸಿ ಅವುಗಳ ಅಗತ್ಯವನ್ನು ತಗ್ಗಿಸುವುದು ದಿಟ. ಆದರೆ ಅದೇ ಶೈತ್ಯದಿಂದ ಸೋಡಿಯಮ್ಮನ್ನು ಹೊರದೂಡುವ ಶಕ್ತಿಯೂ ಕುಂದಿ, ಕೋಶದೊಳಕ್ಕೆ ನೀರು ನುಗ್ಗಿ ಅದು ಉಬ್ಬುವುದು. ಇದಕ್ಕೆ ಎರಡು ಪರಿಹಾರಗಳು ತೋರಿದುವು. ಬೆಲ್ಜರರು ೧೯೬೭ರಲ್ಲಿ ಮೂತ್ರಪಿಂಡದೊಳಗೆ ದ್ರವವನ್ನು ಸತತವಾಗಿ ಹರಿಯಿಸುವ ಯಂತ್ರವನ್ನು ಪ್ರಕಟಪಡಿಸಿದರು. ೧೯೬೯ರಲ್ಲಿ ಕಾಲಿನ್ಸ್ ಮತ್ತು ತೆರಸಾಕಿಯವರು ಕೋಶದ ಒಳದ್ರವವನ್ನು ಹೋಲುವ, ಪೊಟಾಸಿಯಮ್ ಹೆಚ್ಚಾಗಿರುವ ದ್ರಾವಣದಿಂದ ತೊಳೆದು, ನಾಯಿಗಳ ಮೂತ್ರಪಿಂಡಗಳನ್ನು ೩೦ ಗಂಟೆಗಳ ಕಾಲ ಮಂಜಿನಲ್ಲಿ ಕಾಪಾಡಿ ತೋರಿಸಿದರು. ಯಂತ್ರವು ಭಾರ; ಮಂಜಿನ ಪೆಟ್ಟಿಗೆಯು ಹಗುರ, ಸುಲಭ. ಆದಕಾರಣ ಹಲವು ದಶಕಗಳವರೆಗೆ ಪೆಟ್ಟಿಗೆಯೇ ಗೆದ್ದಿತು. ೧೯೮೦ರ ದಶಕದಲ್ಲಿ ಅದೇ ಬೆಲ್ಜರರು ಸದರ್ಡರೊಡನೆ ವಿಸ್ಕಾನ್ಸಿನ್ನಿನಲ್ಲಿ ರಚಿಸಿದ ದ್ರಾವಣವು ಯಕೃತ್ತಿನ ಪ್ರಯಾಣಕಾಲವನ್ನು ಬಹುವಾಗಿ ವಿಸ್ತರಿಸಿತು.

ಹಾಗಾದರೂ ಮೇರೆಯು ಅಳಿಯಲಿಲ್ಲ. ಮಂಜಿನಲ್ಲಿಟ್ಟ ಹೃದಯಕ್ಕೆ ಸುಮಾರು ೪ ಗಂಟೆ, ಯಕೃತ್ತಿಗೆ ಸುಮಾರು ೧೨, ಮೂತ್ರಪಿಂಡಕ್ಕೆ ೨೪ ಅಥವಾ ತುಸು ಹೆಚ್ಚು ಎಂಬುದು ರೂಢಿಯ ಲೆಕ್ಕ. ಶೀತಕಾಲವು ನೀಳವಾದಷ್ಟೂ ಮೂತ್ರಪಿಂಡವು ಕೆಲಸಕ್ಕೆ ತೊಡಗುವುದು ತಡವಾಗುವುದು. ೨೦೦೯ರಲ್ಲಿ ಪ್ರಕಟವಾದ, ೩೩೬ ದಾನಿಗಳನ್ನು ಕುರಿತ ಯೂರೋಪಿನ ಪರೀಕ್ಷೆಯಲ್ಲಿ ಈ ವಿಳಂಬವು ಮಂಜಿನ ಪಕ್ಷದಲ್ಲಿ ನೂರಕ್ಕೆ ೨೬.೫, ಯಂತ್ರದ ಪಕ್ಷದಲ್ಲಿ ೨೦.೮ ಆಗಿತ್ತು. ೨೦೧೮ರ ಮತ್ತೊಂದು ಪರೀಕ್ಷೆಯಲ್ಲಿ ದೇಹದ ಉಷ್ಣತೆಯಲ್ಲಿಯೇ ಯಂತ್ರದಿಂದ ಪೋಷಿತವಾದ ಯಕೃತ್ತುಗಳು, ಹೆಚ್ಚು ಕಾಲ ಹೊರಗಿದ್ದರೂ, ಮಂಜಿನಲ್ಲಿದ್ದವುಗಳ ಅರ್ಧದಷ್ಟೇ ಗಾಯಗೊಂಡುವು. ತೊರೆಯಲ್ಪಟ್ಟಿದ್ದ ಯಂತ್ರವು ಹೀಗೆ ಮರಳಿ ಮನ್ನಣೆಯನ್ನು ಪಡೆಯಿತು.

೨೦೧೪ರಲ್ಲಿ ಬೆಂಗಳೂರಿನಿಂದ ಚೆನ್ನೈಗೆ ಹೃದಯವೊಂದು ವಿಮಾನದಲ್ಲಿ ಹೋದಾಗ ಬೀದಿಗಳ ಸಂಚಾರವನ್ನು ತಡೆದು ದಾರಿ ಬಿಡಿಸಬೇಕಾಯಿತು. ಆ ೪ ಗಂಟೆಗಳ ಮೇರೆಯು ನಮ್ಮ ನಾಡಿನಲ್ಲಿಯೂ ಪೊಲೀಸರನ್ನೂ ವಿಮಾನವನ್ನೂ ಚಿಕಿತ್ಸೆಯ ಅಂಗಗಳನ್ನಾಗಿ ಮಾಡಿತು. ದೂರದ ಅನುರೂಪ ರೋಗಿಗೋ, ಹತ್ತಿರದ ಅಲ್ಪಾನುರೂಪ ರೋಗಿಗೋ ಅವಯವವನ್ನು ಕೊಡತಕ್ಕದ್ದೆಂಬ ನ್ಯಾಯವಿಚಾರವು ಕೂಡ ಕಡೆಗೆ ಈ ಗಂಟೆಗಳ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ಹೀಗಿರಲು, ಪ್ರಯಾಣವನ್ನು ಕೇವಲ ಪರಿಕರವೆಂದು ಎಣಿಸಿ ಚರಿತ್ರೆಯಿಂದ ಹೊರಗಿಡುವುದು ಯುಕ್ತವಲ್ಲ.