ಮೇಷ್ಟರ ಹೆಸರು ಎಲ್ಲಿ ಉಳಿಯುತ್ತದೆ

ಕರ್ನಾಟಕದ ನೆಲದಲ್ಲಿ ನೆನಪಿನ ಕಲ್ಲುಗಳಿಗೆ ಬರವಿಲ್ಲ. ತುರು ಬಿಡಿಸಲು ಹೋಗಿ ಸತ್ತವನಿಗೆ, ಊರಳಿವಿನಲ್ಲಿ ಬಿದ್ದವನಿಗೆ ವೀರಗಲ್ಲು. ಗಂಡನ ಚಿತೆಯೇರಿದವಳಿಗೆ ಮಾಸ್ತಿಗಲ್ಲು. ಸಲ್ಲೇಖನ ಕೈಗೊಂಡು ಮುಡಿಪಿದವರಿಗೆ ನಿಷಿಧಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 10ನೆಯ ಶತಮಾನದ ನಡುವೆ ಕಾಡುಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಂತಿತು. ನಾಯಿಯ ಹೆಸರು, ಅದರ ಒಡೆಯ ಮಣಲೇರನ ಹೆಸರು ಎರಡೂ ಸಾವಿರ ವರ್ಷ ದಾಟಿ ನಮ್ಮನ್ನು ಮುಟ್ಟಿವೆ. ಈ ಕಲ್ಲುಗಳು ನೆನೆಯುವುದು ಸಾವಿನ ಬಗೆಯನ್ನು. ಬದುಕಿನ ಉದ್ದ ಅವಕ್ಕೆ ಬೇಕಿಲ್ಲ. ಮೂವತ್ತು ಮೂವತ್ತೈದು ವರ್ಷ ಪಾಠ ಹೇಳಿ, ಮಕ್ಕಳನ್ನು ಓದಿಸಿ ಮದುವೆ ಮಾಡಿ, ನಿವೃತ್ತಿಯ ಮೇಲೆ ಮತ್ತೂ ಅಷ್ಟೇ ವರ್ಷ ಬಾಳಿ, ತಮ್ಮ ಮನೆಯಲ್ಲೇ ಕಣ್ಣು ಮುಚ್ಚಿದ ಇತಿಹಾಸದ ಮೇಷ್ಟರಿಗೆ ಈ ಪರಂಪರೆಯಲ್ಲಿ ಜಾಗವಿಲ್ಲ. ಅಂಥವರು ತೀರಿಕೊಂಡಾಗ ಬರೆಯುವ ನುಡಿನಮನವನ್ನು ಬರೀ ಉಪಚಾರವೆಂದು ಬಗೆಯುವುದು ವಾಡಿಕೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ದಾಖಲೆಗಳಲ್ಲಿ ಬಹುಕಾಲದಿಂದ ಉಳಿದುಬಂದ ಒಂದು ಕೊರತೆಯನ್ನು ತುಂಬುವ ಕೆಲಸ ಅದು. ಇತಿಹಾಸಕಾರರ ಶಿಸ್ತಿನಿಂದಲೇ ಮಾಡಬೇಕಾದದ್ದು.

ಕೊರತೆ ಎಷ್ಟು ಹಳೆಯದೆಂದು ತಿಳಿಯಲು ಶಾಲೆಗಳ ಶಾಸನಗಳನ್ನೇ ನೋಡಬೇಕು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ ವಿಷಯ ಹೇಳುವ 1058ರ ಶಾಸನ ಲೆಕ್ಕದಲ್ಲಿ ಬಹಳ ಅಚ್ಚುಕಟ್ಟು. ವೇದ ಓದುವವರು 200, ಶಾಸ್ತ್ರ ಓದುವವರು 52, ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು, ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗಳು. ಯಾವ ಶಾಸ್ತ್ರದವನಿಗೆ ಎಷ್ಟು ಮತ್ತರು ಭೂಮಿ ಎಂಬುದೂ ಗೊತ್ತಾಗುತ್ತದೆ. ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದೆ, 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕಟ್ಟಿಸಿದ ಶಾಲೆಯ ಶಾಸನವೂ ಹೀಗೆಯೇ. ವಿದ್ಯಾರ್ಥಿಗಳಿಗೆ ವಸತಿ, ದೀಪಕ್ಕೆ ಭೂಮಿ, ಉಪಾಧ್ಯಾಯನಿಗೆ ಭೂಮಿ, ಊರಿನಲ್ಲಿ ಮದುವೆಯೋ ಮುಂಜಿಯೋ ಆದಾಗ ಶಾಲೆಗೆ ಸಲ್ಲಬೇಕಾದ ಕಾಣಿಕೆ ಎಲ್ಲಕ್ಕೂ ಕಟ್ಟಳೆಯಿದೆ. ದಾನಿಯ ವಂಶ, ಬಿರುದು, ಪರಾಕ್ರಮಗಳಿಗೆ ಧಾರಾಳವಾಗಿ ಸಾಲುಗಳು ಸಂದಿವೆ. ಪಾಠ ಹೇಳಿದವನು ಮಾತ್ರ ಹುದ್ದೆಯಾಗಿ ಬಂದು ಹುದ್ದೆಯಾಗಿಯೇ ಹೋಗುತ್ತಾನೆ. ಒಬ್ಬ ಸತ್ತರೆ ಇನ್ನೊಬ್ಬ ಬಂದು ಅದೇ ಭೂಮಿ ಉಂಡು ಅದೇ ಪಾಠ ಹೇಳಬೇಕೆಂಬುದು ವ್ಯವಸ್ಥೆಯ ಉದ್ದೇಶ. ಅದಕ್ಕೆ ಬೇಕಾದದ್ದು ಪಾಲಿನ ಲೆಕ್ಕ ಮಾತ್ರ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಗುರುಗಳಿಗೆ ಕಲ್ಲು ನಿಲ್ಲಿಸಲಿಲ್ಲವೆಂದರೆ ಶ್ರವಣಬೆಳಗೊಳಕ್ಕೆ ಏನು ಹೇಳುವುದು? 1123ರಲ್ಲಿ ತೀರಿಕೊಂಡ ಶುಭಚಂದ್ರ ಸಿದ್ಧಾಂತದೇವರಿಗೆ ಅವರ ಶಿಷ್ಯ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ನಿಷಿಧಿ ಮಾಡಿಸಿದ. 1129ರ ಮಲ್ಲಿಷೇಣ ಪ್ರಶಸ್ತಿಯಂತೂ ಒಬ್ಬ ಆಚಾರ್ಯರ ನೆವದಲ್ಲಿ ಸಮಂತಭದ್ರ, ಅಕಲಂಕರಂಥವರ ಹೆಸರುಗಳನ್ನೂ ಪೋಣಿಸಿಕೊಂಡು ಬರುತ್ತದೆ. ಆಕ್ಷೇಪ ಗಟ್ಟಿಯಾದದ್ದೇ, ಶಿಷ್ಯರು ಗುರುವನ್ನು ಕಲ್ಲಿನಲ್ಲಿ ನೆನೆದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಆ ಗೌರವ ಮನೆಮಾರು ಬಿಟ್ಟವರಿಗೆ ಸಂದದ್ದು. ಅಲ್ಲಿಯೂ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳೊಡನೆ ಅಚ್ಚೊತ್ತಿದಂತೆ ಸಿಗುವುದು ಮುಡಿಪಿದ ದಿನ. ಎಷ್ಟು ವರ್ಷ ಬದುಕಿದರು, ಎಷ್ಟು ವರ್ಷ ಯಾವ ಊರಿನಲ್ಲಿ ಪಾಠ ಹೇಳಿದರು ಎಂಬುದನ್ನು ಸಾಮಾನ್ಯವಾಗಿ ಅವು ಹೇಳುವುದಿಲ್ಲ. ಸಂಸಾರ ತೂಗಿಸಿಕೊಂಡು ಪಾಠ ಹೇಳಿದವನು ಆ ಬೆಟ್ಟದ ಲೆಕ್ಕದಲ್ಲಿ ಬರುವುದೇ ಇಲ್ಲ.

ಅವನು ಬರುವ ದಾರಿ ಬೇರೆ. ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ ಕಟಕೋಪಾಧ್ಯಾಯನಾಗಿದ್ದ ಸುಮನೋಬಾಣನ ಕೃತಿ ಒಂದೂ ನಮಗೆ ಉಳಿದು ಬಂದಿಲ್ಲ. ಆದರೂ ಅವನು ನಮಗೆ ಗೊತ್ತು, ಏಕೆಂದರೆ ಯಶೋಧರಚರಿತೆ ಬರೆದ ಜನ್ನ ಅವನ ಮಗ, ಶಬ್ದಮಣಿದರ್ಪಣ ಬರೆದ ಕೇಶಿರಾಜ ಅವನ ಮಗಳ ಮಗ. ಕೇಶಿರಾಜ ತನ್ನ ಪರಿಚಯ ಹೇಳಿಕೊಳ್ಳುವಾಗ ತಾತನನ್ನೂ ತಂದೆ ಮಲ್ಲಿಕಾರ್ಜುನನನ್ನೂ ಸೋದರಮಾವ ಜನ್ನನನ್ನೂ ಹೆಸರಿಸುತ್ತಾನೆ. ಒಂದು ಮನೆ, ಮೂರು ತಲೆಮಾರು, ಕನ್ನಡದ ಅತ್ಯುತ್ತಮ ವ್ಯಾಕರಣ. ನನ್ನ ವಾದಕ್ಕೆ ಇದಕ್ಕಿಂತ ಮುಖ್ಯವಾದ ಸಾಕ್ಷಿ ಕಾಣೆ. ಮನೆವಾರ್ತೆಯ ಮೇಷ್ಟರನ್ನು ಉಳಿಸುವುದು ಮನೆಯವರು, ಕಲಿತವರು. ಅವರು ಬರೆದರೆ ಉಂಟು, ಬರೆಯದಿದ್ದರೆ ಇಲ್ಲ. ನಾಗಾವಿಯ ಆ ಆರು ಮಂದಿ ಉಪಾಧ್ಯಾಯರಿಗೂ ಮೊಮ್ಮಕ್ಕಳಿದ್ದಿರಬಹುದು. ಅವರಲ್ಲಿ ಯಾರೂ ಕೇಶಿರಾಜನಂತೆ ಬರೆದಿಡಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಹರಿತ. ಅಗ್ರಹಾರ ಮಠಗಳಲ್ಲಿ ಭೂಮಿ ಉಂಡು ಪಾಠ ಹೇಳಿದವರು ವಿದ್ಯೆಯನ್ನು ತಮ್ಮವರಿಗಷ್ಟೇ ಇಟ್ಟುಕೊಂಡವರು. ಅವರ ಹೆಸರು ಅಳಿದದ್ದಕ್ಕೆ ಮರುಗಬೇಕೇಕೆ ಎಂದು ಕೇಳಬಹುದು. ಈ ಪ್ರಶ್ನೆಯನ್ನು ಬದಿಗಿಟ್ಟು ಶಿಕ್ಷಕರ ಚರಿತ್ರೆ ಬರೆಯಲಾಗದು. 1823ರಲ್ಲಿ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಕ್ಯಾಂಬೆಲ್ ಮದರಾಸಿಗೆ ಕಳಿಸಿದ ವರದಿಯಲ್ಲಿ ಜಿಲ್ಲೆಯ ಶಾಲೆಗಳು 533, ಅವುಗಳಲ್ಲಿ ಕನ್ನಡದವು 235, ಕಲಿಯುವವರು ಒಟ್ಟು 6,641. ಸಾವಿರ ಜನಕ್ಕೆ ಸುಮಾರು ಏಳು ಮಂದಿಯಷ್ಟೇ. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಎಂದು ಬರೆಯುತ್ತಿದ್ದುದು, ಮೂರನೆಯವನಿಂದ ಮುಂದಕ್ಕೆ ಬೆತ್ತದ ಏಟು ಒಂದೊಂದಾಗಿ ಏರುತ್ತಿದ್ದುದು ಅದರಲ್ಲಿದೆ. ಬಡತನದಿಂದ ಶಾಲೆಗಳು ಮುಚ್ಚುತ್ತಿವೆ ಎಂಬ ಕಳವಳವೂ ಇದೆ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಂದ ಮಹಾರ ಹುಡುಗನೊಬ್ಬನನ್ನು ಒಳಗೆ ಬಿಡಲಿಲ್ಲ. ಅವನು ಮುಂಬಯಿ ಸರ್ಕಾರದವರೆಗೂ ಅರ್ಜಿ ಒಯ್ದರೂ ಬಾಗಿಲು ತೆರೆಯಲಿಲ್ಲ. ಈ ಹಿನ್ನೆಲೆಯಲ್ಲಿ ನೋಡಿದರೆ ಇಪ್ಪತ್ತನೆಯ ಶತಮಾನದ ಶಾಲಾ ಶಿಕ್ಷಕನ ಕೆಲಸ ಹೊಸದೇ ಒಂದು ವೃತ್ತಿ. 1868ರ ಹೋಬಳಿ ಶಾಲೆಗಳ ಯೋಜನೆ, ಹಿಂದುಳಿದವರ ಪ್ರಾತಿನಿಧ್ಯಕ್ಕಾಗಿ ಮೈಸೂರಿನಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ, ಸ್ವಾತಂತ್ರ್ಯದ ನಂತರದ ಮೀಸಲಾತಿ ಇವೆಲ್ಲ ನಿಧಾನವಾಗಿ, ಬಹಳ ಜಗಳದ ನಂತರ, ಅಕ್ಷರ ಕಂಡಿರದ ಮನೆಗಳ ಮಕ್ಕಳನ್ನೂ ಮೇಷ್ಟರ ಕುರ್ಚಿಯವರೆಗೆ ತಂದವು. ಆದ್ದರಿಂದ ಆಕ್ಷೇಪದೊಳಗೇ ಉತ್ತರವಿದೆ. ಹೊರಗೆ ನಿಲ್ಲಿಸಿದವರ ಮೊಮ್ಮಗ ಒಳಗೆ ಬಂದು ಪಾಠ ಹೇಳಿದ ಆ ತಲೆಮಾರಿನ ಬದುಕನ್ನು ಬರೆದಿಡದಿದ್ದರೆ, ಹಳೆಯ ಶಾಸನಗಳ ಮೌನವನ್ನು ನಾವೇ ಮುಂದುವರಿಸಿದಂತೆ.

ಅವರಲ್ಲೂ ಇತಿಹಾಸ ಹೇಳಿದವರ ಪಾಡು ವಿಶೇಷ. ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚಿಗೆ ತಂದ ಬಿ. ಎಲ್. ರೈಸ್ ಮೊದಲು ಬೆಂಗಳೂರಿನ ಶಾಲೆಯ ಮುಖ್ಯಸ್ಥರಾಗಿದ್ದವರು. ಶಾಲೆಗಳ ತನಿಖೆಗೆ ಊರೂರು ತಿರುಗುವಾಗಲೇ ಅವರ ಕಣ್ಣು ಕಲ್ಲುಗಳ ಮೇಲೆ ಬಿದ್ದದ್ದು. ಅವರ ತರುವಾಯ ಆ ಕೆಲಸ ಹೊತ್ತ ಆರ್. ನರಸಿಂಹಾಚಾರ್ಯರೂ ಉಪಾಧ್ಯಾಯ ವೃತ್ತಿಯಿಂದ ಬಂದವರು. ಹೀಗೆ ಸಿಕ್ಕಿದ ಚರಿತ್ರೆಯನ್ನು ಹಳ್ಳಿ ಮಕ್ಕಳಿಗೆ ಮುಟ್ಟಿಸಿದವರು ಹೈಸ್ಕೂಲಿನ ಮೇಷ್ಟರು. 1956ರ ನವೆಂಬರ್ 1ರ ಏಕೀಕರಣಕ್ಕೆ ಮುಂಚೆ ಮೈಸೂರಿನ ಹುಡುಗ ಒಂದು ಆಡಳಿತದ ಪಠ್ಯ ಓದುತ್ತಿದ್ದ, ಧಾರವಾಡದವನು ಮುಂಬಯಿಯದು, ಮಂಗಳೂರಿನವನು ಮದರಾಸಿನದು, ಕೊಡಗಿನವನಿಗೆ ಬೇರೆಯೇ ಆಡಳಿತ, ಕಲಬುರಗಿಯಲ್ಲಿ 1948ರವರೆಗೂ ಉರ್ದುವಿನ ದರ್ಬಾರು. ಇವರೆಲ್ಲರೂ ಒಂದೇ ನಾಡಿನವರು, ಬಾದಾಮಿಯೂ ಬನವಾಸಿಯೂ ಬೇಲೂರೂ ಎಲ್ಲರಿಗೂ ಸೇರಿದ್ದು ಎಂದು ಕಪ್ಪು ಹಲಗೆಯ ಮುಂದೆ ನಿಂತು ಹೇಳಿದ ಮೊದಲ ತಲೆಮಾರಿನ ಶಿಕ್ಷಕರಲ್ಲಿ ಅನೇಕರು ತಾವೇ ಆ ಬೇರೆ ಬೇರೆ ಪಠ್ಯಗಳನ್ನು ಓದಿ ಬೆಳೆದವರು. ಏಕೀಕರಣದ ಚರಿತ್ರೆಯಲ್ಲಿ ಆಲೂರು ವೆಂಕಟರಾಯರಿಂದ ಹಿಡಿದು ನಾಯಕರ ಹೆಸರುಗಳಿವೆ, ಇರಲೇಬೇಕು. ಏಕೀಕರಣ ತರಗತಿಯೊಳಗೆ ಹೇಗೆ ನಡೆಯಿತೆಂಬುದು ಈ ಮೇಷ್ಟರುಗಳ ಜೀವನದಲ್ಲಷ್ಟೇ ಸಿಗುತ್ತದೆ.

ನುಡಿನಮನಗಳು ಹೊಗಳಿಕೆಯ ಬರಹಗಳು, ಅವು ಆಧಾರವಾಗಲಾರವು ಎನ್ನುವವರೂ ಇದ್ದಾರೆ. ಶಾಸನದ ಪ್ರಶಸ್ತಿಯೂ ಹೊಗಳಿಕೆಯೇ ಆಗಿತ್ತಲ್ಲ. ಅಲ್ಲಿ ಇತಿಹಾಸಕಾರರು ಬಿರುದಾವಳಿಯನ್ನು ದಾಟಿ ಭೂಮಿಯ ಎಲ್ಲೆ, ಅಳತೆ, ಸಾಕ್ಷಿಗಳ ಪಟ್ಟಿಗೆ ಹೋಗುತ್ತಾರೆ. ಇಲ್ಲಿಯೂ ಬೇಕಾದದ್ದು ಅದೇ. ಆದರ್ಶ ಶಿಕ್ಷಕ, ಶಿಸ್ತಿನ ಸಿಪಾಯಿ ಎಂಬ ಮಾತುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ವರ್ಷ ಯಾವ ಊರಿಗೆ ವರ್ಗವಾಯಿತು, ಆ ಊರಿಗೆ ಆಗ ಬಸ್ಸಿತ್ತೇ, ತರಗತಿಯಲ್ಲಿ ಹೆಣ್ಣುಮಕ್ಕಳೆಷ್ಟು, ಯಾವ ಪಠ್ಯ ಬದಲಾದಾಗ ಮೇಷ್ಟರು ತಮ್ಮ ಟಿಪ್ಪಣಿ ಪುಸ್ತಕ ತಿದ್ದಿದರು, ನಿವೃತ್ತಿಯ ಮೇಲೆ ಯಾವ ದೇವಸ್ಥಾನದ ಕಲ್ಲಿನ ಪಡಿಯಚ್ಚು ಯಾರಿಗೆ ಕಳಿಸಿದರು ಎಂದು ಬರೆದರೆ ಅದು ಆಧಾರ. ಸೇವಾ ಪುಸ್ತಕದಲ್ಲಿ ವರ್ಗಾವಣೆ, ಬಡ್ತಿ, ರಜೆಗಳ ದಾಖಲೆಯಿರುತ್ತದೆ. ಅದರ ಪ್ರತಿ ಮನೆಯಲ್ಲಿದ್ದರೆ ಮೊದಲು ತೆಗೆಯಬೇಕಾದದ್ದು ಅದನ್ನು. ಬಿ. ಎಂ. ಶ್ರೀಯವರಿಗೆ 1941ರಲ್ಲಿ ಅರ್ಪಿಸಿದ ‘ಸಂಭಾವನೆ’ಯಂಥ ಗ್ರಂಥಗಳು ದೊಡ್ಡ ಪ್ರಾಧ್ಯಾಪಕರಿಗೆ ಸಂದವು. ತಾಲೂಕು ಹೈಸ್ಕೂಲಿನ ಇತಿಹಾಸದ ಮೇಷ್ಟರಿಗೆ ಅಷ್ಟು ದೊಡ್ಡ ಗ್ರಂಥ ಬೇಡ, ನಿಜವಾದ ಹತ್ತು ಪುಟ ಸಾಕು.

ಆ ಹತ್ತು ಪುಟದಲ್ಲಿ ಸಂಸಾರದ ಮಾತು ಖಾಸಗಿ ಎಂದು ಬಿಟ್ಟುಬಿಡುವುದುಂಟು. ಬಿಡಬಾರದು. ಹಲವು ಮಾಸ್ತಿಗಲ್ಲುಗಳಲ್ಲಿ ಬಳೆ ತೊಟ್ಟ ಕೈಯಷ್ಟೇ ಮೇಲೆದ್ದು ಕಾಣುತ್ತದೆ; ಗಂಡನ ಜೊತೆ ಸತ್ತವಳ ಗುರುತು ಅದು. ಗಂಡನ ಜೊತೆ ಐವತ್ತು ವರ್ಷ ಬದುಕಿದವಳಿಗೆ, ವರ್ಗವಾದಾಗಲೆಲ್ಲ ಹೊಸ ಊರಿನಲ್ಲಿ ಒಲೆ ಹೂಡಿದವಳಿಗೆ, ಪರೀಕ್ಷೆಯ ಹೊತ್ತಿಗೆ ಮನೆಯಲ್ಲಿ ಉಳಿದ ಹಳ್ಳಿ ಹುಡುಗರಿಗೂ ತಟ್ಟೆ ಹಾಕಿದವಳಿಗೆ ಯಾವ ಕಲ್ಲೂ ಇಲ್ಲ, ಸೇವಾ ಪುಸ್ತಕದಲ್ಲೂ ಸಾಲಿಲ್ಲ. ಮೇಷ್ಟರ ಪಾಠ ಆ ಮನೆಯ ಆಸರೆಯಿಂದಲೇ ನಡೆದದ್ದು. 1956ರ ಸುಮಾರಿಗೆ ಕೆಲಸಕ್ಕೆ ಸೇರಿದವರಲ್ಲಿ ಈಗ ಉಳಿದಿರುವವರು ತೊಂಬತ್ತು ದಾಟಿದ್ದಾರೆ, ಅವರ ಹೆಂಡತಿಯರು ಎಂಬತ್ತರ ಮೇಲಿದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳಬೇಕಾದ ಮಕ್ಕಳಿಗೂ ಶಿಷ್ಯರಿಗೂ ಈಗಾಗಲೇ ನಿವೃತ್ತಿಯಾಗಿದೆ. ಬಿಡುವಿದೆ, ಓದುಬರಹವೂ ಬಲ್ಲರು.